ಅವ್ವನ ಕಣ್ಣಿಗೆ ಹೊಂದಿಸುವುದು

ನಮ್ಮ ಮನೆಯ ಲ್ಯಾಪ್‌ಟಾಪಿನಲ್ಲಿ ಫೋಟೋ ನೋಡುವುದಕ್ಕೆಂದು ಒಂದು ಪ್ರೋಗ್ರಾಂ ಇದೆ. ಅದರ ಗುರುತು ಒಂದು ಕೆಂಪು ಬೆಕ್ಕು. ಕೂತ ಬೆಕ್ಕಲ್ಲ, ಮಲಗಿದ ಬೆಕ್ಕೂ ಅಲ್ಲ. ಲಾರಿ ಚಕ್ರಕ್ಕೆ ಸಿಕ್ಕಿ, ಕಾಲುಗಳು ದಿಕ್ಕಿಗೊಂದಾಗಿ, ಹಪ್ಪಳದ ಹಾಗೆ ಚಪ್ಪಟೆಯಾದ ಬೆಕ್ಕು. ಮೊದಲ ಸಲ ನೋಡಿದಾಗ ನನಗೆ ಹೊಟ್ಟೆಯಲ್ಲಿ ಹೇಗೋ ಆಯಿತು. ಗುಂಡ್ಲುಪೇಟೆ ಕಡೆಯವರಿಗೆ ಇದು ತಮಾಷೆಯ ವಿಷಯವಲ್ಲ. ಬಂಡೀಪುರದ ಕಾಡಿನ ರಸ್ತೆಯಲ್ಲಿ 2009ರಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ್ದೇ ವಾಹನಗಳಿಗೆ ಸಿಕ್ಕಿ ಸಾಯುತ್ತಿದ್ದ ಪ್ರಾಣಿಗಳ ದೆಸೆಯಿಂದ. “ಇದಕ್ಕಿಂತ ಒಳ್ಳೆ ಗುರುತು ಸಿಗಲಿಲ್ಲವೇನೋ ಆ ಮಹಾರಾಯನಿಗೆ?” ಎಂದು ಮಗನನ್ನು ಕೇಳಿದೆ. “ಅಮ್ಮ, ನಾನು ಎಲ್ಲ ಸೆಟ್ ಮಾಡಿದೀನಿ. ಫೋಟೋ ಮೇಲೆ ಎರಡು ಸಲ ಒತ್ತು, ಸಾಕು. ಬೇರೆ ಏನೂ ಮುಟ್ಟಬೇಡ” ಎಂದವನೇ ಬೆಂಗಳೂರಿನ ಬಸ್ಸು ಹತ್ತಿದ.

ಆ ಮಹಾರಾಯನ ವಿಷಯ ಆಮೇಲೆ ತಿಳಿಯಿತು. ಹೆಸರು ಇರ್ಫಾನ್ ಸ್ಕಿಲ್ಯಾನ್. ಬೋಸ್ನಿಯಾ ದೇಶದ ಯಾಯ್ತ್ಸೆ ಎಂಬ ಊರಿನಲ್ಲಿ ಹುಟ್ಟಿ, ಆಸ್ಟ್ರಿಯಾದಲ್ಲಿ ಓದಿದವರು. 1996ರಲ್ಲಿ ಹೊರತಂದ ಈ ಪ್ರೋಗ್ರಾಮಿಗೆ ತಮ್ಮ ಹೆಸರನ್ನೇ ಸೇರಿಸಿ ಇರ್ಫಾನ್‌ವ್ಯೂ ಎಂದು ಕರೆದರು. ಮನೆಬಳಕೆಗೂ ಶಾಲೆಗಳಿಗೂ ದುಡ್ಡು ಕೊಡಬೇಕಾಗಿಲ್ಲ. ಯಾಯ್ತ್ಸೆಯಲ್ಲಿ ಊರಿನೊಳಗೇ ಒಂದು ಜಲಪಾತವಿದೆ. ಒಂದು ನದಿ ಇನ್ನೊಂದು ನದಿಯೊಳಕ್ಕೆ ಧುಮುಕುತ್ತದೆ. ನಮ್ಮ ಭರಚುಕ್ಕಿಯನ್ನು ತಂದು ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಪಕ್ಕದಲ್ಲಿಟ್ಟರೆ ಹೇಗಿರುತ್ತದೋ ಹಾಗೆ. ಮೂವತ್ತು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿದವಳಿಗೆ ಯಾರದೇ ಆಗಲಿ ಊರು ಗೊತ್ತಾದರೆ ಅರ್ಧ ಸಿಟ್ಟು ಇಳಿದುಹೋಗುತ್ತದೆ. ಬೆಕ್ಕಿನ ಮೇಲಿನ ಸಿಟ್ಟೂ ಇಳಿಯಿತು.

ಮಗ ಮುಟ್ಟಬೇಡ ಎಂದದ್ದನ್ನು ಮುಟ್ಟುವ ಧೈರ್ಯ ನನಗೆ ಬಂದದ್ದು ಚಾಮರಾಜನಗರದ ಡಯಟ್‌ನಲ್ಲಿ, 2018ರ ಟಾಲ್ಪ್ ತರಬೇತಿಯಲ್ಲಿ. ಪ್ರೌಢಶಾಲಾ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸಲು ಸರ್ಕಾರ ಏರ್ಪಡಿಸಿದ್ದ ತರಬೇತಿ ಅದು. ಅಲ್ಲಿ ಕಿಟಕಿಗಳ ವಿಂಡೋಸ್ ಇರಲಿಲ್ಲ, ಉಬುಂಟು ಎಂಬ ಉಚಿತ ವ್ಯವಸ್ಥೆ ಇತ್ತು. ಅದನ್ನು ಕನ್ನಡಕ್ಕೆ ತಿರುಗಿಸಿಕೊಳ್ಳಬಹುದು ಎಂದು ತೋರಿಸಿದರು. ಫೋಟೋ ತೋರಿಸುವುದಕ್ಕೆ ಅದರಲ್ಲಿ ‘ಚಿತ್ರ ವೀಕ್ಷಕ’ ಎಂದೊಂದು ಇತ್ತು. ಹೆಸರು ಕೇಳಿದರೆ ಪರೀಕ್ಷಾ ಕೊಠಡಿಯಲ್ಲಿ ಸುತ್ತುವ ಮೇಲ್ವಿಚಾರಕರ ನೆನಪಾಗುತ್ತದೆ. ಅದರ ಒಳಗೆ ‘ಆದ್ಯತೆಗಳು’ ಎಂಬ ಒಂದು ಸಾಲು. ಒತ್ತಿದೆ. ಹಿನ್ನೆಲೆ ಯಾವ ಬಣ್ಣದ್ದಿರಲಿ? ಚಿತ್ರ ಪರದೆಗೆ ಹೊಂದುವಂತೆ ಹಿಗ್ಗಲೋ ಬೇಡವೋ? ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಸೆಕೆಂಡು? ಕೊನೆಯ ಚಿತ್ರವಾದ ಮೇಲೆ ಮತ್ತೆ ಮೊದಲಿನಿಂದ ಬರಲೇ?

ನಗಬೇಡಿ, ಆ ಪ್ರಶ್ನೆಗಳ ಮುಂದೆ ನಾನು ಸುಮ್ಮನೆ ಕೂತುಬಿಟ್ಟೆ. ಮದುವೆಯಾಗಿ ಬಂದ ಮೇಲೆ ಸಾರಿನ ಉಪ್ಪು ಅತ್ತೆಯವರ ನಾಲಿಗೆಗೆ, ಫ್ಯಾನಿನ ವೇಗ ಯಜಮಾನರ ಬೆವರಿಗೆ, ಟಿವಿಯ ದನಿ ಮಾವನವರ ಕಿವಿಗೆ ಹೊಂದಿಕೊಂಡು ನಡೆದದ್ದು. ನಿಮ್ಮ ಮನೆಯಲ್ಲೂ ಹೆಚ್ಚು ಕಡಿಮೆ ಹೀಗೇ ಇರಬಹುದು. ನಿಮ್ಮ ಆದ್ಯತೆ ಏನು ಎಂದು ನನ್ನನ್ನು ಮೊದಲು ಕೇಳಿದ್ದು ಒಂದು ಯಂತ್ರ, ಅದೂ ಕನ್ನಡದಲ್ಲಿ. ಪಕ್ಕದಲ್ಲಿದ್ದ ಹಿಂದಿ ಮೇಡಂ “ಏನ್ರೀ, ತಪಸ್ಸು ಮಾಡ್ತಿದೀರಾ?” ಎಂದರು. ನಾನು ಹಿನ್ನೆಲೆಗೆ ಕಡುಹಸಿರು ಕೊಟ್ಟೆ. ಕೆಟ್ಟದಾಗಿ ಕಂಡಿತು. ತೆಗೆದು ಕಪ್ಪು ಕೊಟ್ಟೆ. ತೆಗೆಯಬಹುದು ಎಂಬುದೇ ಅವತ್ತಿನ ದೊಡ್ಡ ಪಾಠ. ಏನು ಬದಲಿಸಿದರೂ ಬದಲಾಗುವುದು ಚಿತ್ರ ಕಾಣಿಸುವ ರೀತಿ ಮಾತ್ರ, ಒಳಗಿರುವ ಫೋಟೋಗೆ ಏನೂ ಆಗುವುದಿಲ್ಲ ಎಂದು ತರಬೇತಿ ಕೊಡುತ್ತಿದ್ದವರು ಎರಡು ಮೂರು ಸಲ ಹೇಳಿದರು. ಆ ಮಾತು ಕೆಲಸಕ್ಕೆ ಬಂದದ್ದು ಆರೇಳು ವರ್ಷ ಕಳೆದ ಮೇಲೆ, ಅವ್ವ ನಮ್ಮ ಮನೆಗೆ ಬಂದಾಗ.

ಅವ್ವನಿಗೆ ಈಗ ಎಂಬತ್ತು. ಗುಂಡ್ಲುಪೇಟೆಯಲ್ಲಿ ತಮ್ಮನ ಮನೆಯಲ್ಲಿದ್ದಳು. ಎರಡು ವರ್ಷದ ಕೆಳಗೆ ತಮ್ಮನ ಹೆಂಡತಿ ಫೋನಿನಲ್ಲಿ ಬೇಸರದಿಂದ ಹೇಳಿದಳು: “ಅತ್ತೆಗೆ ನನ್ನ ಮೇಲೆ ಏನೋ ಕೋಪ ಅಕ್ಕ. ಮುಖ ಕೊಟ್ಟು ಮಾತಾಡಲ್ಲ. ನಾನು ಎದುರಿಗೆ ನಿಂತರೆ ಗೋಡೆ ಕಡೆ ನೋಡ್ತಾರೆ.” ನಾನು ಹೋಗಿ ನೋಡಿದರೆ ನನ್ನ ಜೊತೆಗೂ ಹಾಗೆಯೇ. ನನ್ನ ಕಿವಿಯ ಆಚೆ ಎಲ್ಲೋ ದೃಷ್ಟಿಯಿಟ್ಟು “ಯಾವಾಗ ಬಂದ್ಯವ್ವ?” ಎಂದಳು. ಮೈಸೂರಿಗೆ ಕರೆದುಕೊಂಡು ಹೋದೆವು. ಕಣ್ಣಿನ ಹಿಂಬದಿಯ ಪರದೆಯಲ್ಲಿ ಮ್ಯಾಕುಲಾ ಎಂದು ಒಂದು ಸಣ್ಣ ಜಾಗವಿದೆ, ನಾವು ಓದುವುದು, ಮುಖ ಗುರುತಿಸುವುದು ಅದರಿಂದ, ವಯಸ್ಸಾದವರಲ್ಲಿ ಅದು ಸವೆಯುತ್ತದೆ ಎಂದು ಡಾಕ್ಟರು ಚಿತ್ರ ಬರೆದು ತೋರಿಸಿದರು. ನೋಟದ ನಡುಭಾಗ ಮಸುಕಾಗಿ ಸುತ್ತಲಿನದು ಉಳಿದಿರುತ್ತದೆ. ಅದಕ್ಕೇ ಅವ್ವ ಪಕ್ಕಕ್ಕೆ ನೋಡುತ್ತಿದ್ದದ್ದು. ಎದುರಿಗೆ ನೋಡಿದರೆ ಮುಖವಿರುವ ಕಡೆ ಒಂದು ಬೂದಿಗುಡ್ಡೆ. ಕಿವಿಯ ಆಚೆ ನೋಡಿದರೆ ಮುಖ ಒಂದಿಷ್ಟು ದಕ್ಕುತ್ತದೆ. ತಮ್ಮನ ಹೆಂಡತಿಗೆ ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಮಾತಾಡಲಿಲ್ಲ.

ಅವ್ವನದು ಒಣ ಬಗೆಯದು, ಚುಚ್ಚುಮದ್ದು ಕೊಡುವಂಥದ್ದಲ್ಲ. ದೊಡ್ಡದಾಗಿ ತೋರಿಸಿ, ಕಪ್ಪು ಬಿಳುಪು ಸ್ಪಷ್ಟವಾಗಿರಲಿ, ಕಣ್ಣಿಗೆ ಹೊಡೆಯುವ ಬೆಳಕು ಬೇಡ, ನಿಧಾನವಾಗಿ ನೋಡಲು ಬಿಡಿ ಎಂದರು. ಚಾಮರಾಜನಗರಕ್ಕೆ ವಾಪಸು ಬರುವಾಗ ದಾರಿಯುದ್ದಕ್ಕೂ ಅವ್ವ ಏನೂ ಹೇಳಲಿಲ್ಲ. ನಂಜನಗೂಡು ದಾಟಿದ ಮೇಲೆ ಒಂದೇ ಮಾತು ಕೇಳಿದಳು. “ತೆರಕಣಾಂಬಿ ಮನೆ ಗೋಡೆ ಮ್ಯಾಲೆ ಒಂದು ಪಟ ಇತ್ತಲ್ಲ ಮಗ. ಅದು ಇನ್ನೂ ಅದಾ?”

ಆ ಪಟ ಇತ್ತು. ಸೋದರಮಾವನ ಮನೆಗೆ ಗಾರೆ ಮಾಡಿಸುವಾಗ ಕೆಳಗಿಳಿಸಿ ಅಟ್ಟಕ್ಕೆ ಸೇರಿಸಿದ್ದರು. 1956ರ ಆಷಾಢದಲ್ಲಿ ಚಾಮರಾಜೇಶ್ವರನ ತೇರಿಗೆಂದು ತಾತ ಮನೆಮಂದಿಯನ್ನೆಲ್ಲ ಗಾಡಿ ಕಟ್ಟಿಸಿ ಪೇಟೆಗೆ ಕರೆತಂದು, ಸ್ಟುಡಿಯೋದಲ್ಲಿ ತೆಗೆಸಿದ್ದ ಪಟ. ಹೊಸದಾಗಿ ಮದುವೆಯಾದವರು ತೇರಿಗೆ ಹಣ್ಣು ದವನ ಎಸೆಯಲು ಬರುವುದು ಆಗಲೂ ಉಂಟು, ಈಗಲೂ ಉಂಟು. ಆ ವರ್ಷ ದೊಡ್ಡಮಾವನ ಹೊಸ ಮದುವೆ. ಉದ್ದುದ್ದನೆಯ ಪಟ. ಹಿಂದೆ ಮಾವಂದಿರು ನಿಂತಿದ್ದಾರೆ, ನಡುವೆ ಕುರ್ಚಿಯ ಮೇಲೆ ತಾತ ಅಜ್ಜಿ, ಕೆಳಗೆ ನೆಲದ ಮೇಲೆ ಇಬ್ಬರು ಹೆಣ್ಣುಮಕ್ಕಳು. ಒಬ್ಬಳು ಅವ್ವ, ಹನ್ನೊಂದು ವರ್ಷ. ಇನ್ನೊಬ್ಬಳು ಅವಳ ತಂಗಿ, ಆರು ವರ್ಷ. ಎಲ್ಲರೂ ಚಿಕ್ಕೂಸು ಎನ್ನುತ್ತಿದ್ದರಂತೆ. ಮಾರನೆಯ ವರ್ಷ ಸಿಡುಬು ಎದ್ದು ಹೋದಳು. ಅವಳ ಇನ್ನೊಂದು ಪಟ ಇಲ್ಲ.

ಭಾನುವಾರ ತೆರಕಣಾಂಬಿಗೆ ಹೋಗಿ, ಅದನ್ನೂ ಅದರ ಜೊತೆಗಿದ್ದ ಇಪ್ಪತ್ತಮೂರು ಪಟಗಳನ್ನೂ ಮೊಬೈಲಿನಲ್ಲಿ ತೆಗೆದುಕೊಂಡೆ. ಗಾಜು ಬಿಚ್ಚಿಸಿ, ಜಗಲಿಗೆ ತಂದು, ಬಿಸಿಲು ನೇರವಾಗಿ ಬೀಳದ ಕಡೆ ಇಟ್ಟು ತೆಗೆದೆ. ಗಾಜಿನ ಸಮೇತ ತೆಗೆದರೆ ತಾತನ ಮುಖದ ಮೇಲೆ ನನ್ನ ಸೀರೆಯ ಅಂಚು ಬರುತ್ತದೆ. ನೀವು ತೆಗೆಯುವುದಾದರೆ ಇದು ನೆನಪಿರಲಿ.

ಅಂದು ಸಂಜೆ ಅವ್ವನನ್ನು ದಿವಾನದ ಮೇಲೆ ಕೂರಿಸಿ, ಎದುರಿಗೆ ಲ್ಯಾಪ್‌ಟಾಪ್ ಇಟ್ಟು, ಮಗ ಹೇಳಿದಂತೆ ಎರಡು ಸಲ ಒತ್ತಿದೆ. ನಡೆದದ್ದನ್ನು ಹೇಳಿದರೆ ಈಗ ನಗು ಬರುತ್ತದೆ, ಆಗ ಬರಲಿಲ್ಲ. ಬೆಳ್ಳಗೆ ಉರಿಯುವ ಹಿನ್ನೆಲೆಗೆ ಅವ್ವ ಕೈಯಿಂದ ಕಣ್ಣು ಮುಚ್ಚಿಕೊಂಡಳು. ಮೊದಲ ಪಟ ಅಡ್ಡ ಮಲಗಿತ್ತು. ಎರಡನೆಯದರಲ್ಲಿ ಯಾರು ಎಂದು ಅವ್ವ ಓರೆಗಣ್ಣಿನಲ್ಲಿ ಹುಡುಕುವಷ್ಟರಲ್ಲಿ ಮೂರು ಸೆಕೆಂಡು ಮುಗಿದು ಮೂರನೆಯದು ಬಂತು, ಅದನ್ನು ಹಿಡಿಯುವಷ್ಟರಲ್ಲಿ ನಾಲ್ಕನೆಯದು. ಗುಂಡ್ಲುಪೇಟೆ ಬಸ್ಸಿನ ಕಿಟಕಿಯಲ್ಲಿ ಹೊಲ ಓಡಿದ ಹಾಗೆ ನಮ್ಮ ವಂಶವೆಲ್ಲ ಓಡುತ್ತಿತ್ತು. ಕೊನೆಗೆ ತೇರಿನ ಪಟ ಬಂತು, ನಾನು ಅವಸರವಾಗಿ ಗುಂಡಿ ಒತ್ತಿ ನಿಲ್ಲಿಸಿದೆ. ಪರದೆಯ ತುಂಬ ತಾತ ಅಜ್ಜಿ ದೊಡ್ಡದಾಗಿ, ಜೋರಾಗಿ ಕೂತಿದ್ದರು. ಅವ್ವ ಮುಖವನ್ನು ಅತ್ತ ಇತ್ತ ತಿರುಗಿಸಿ ತಿರುಗಿಸಿ ನೋಡಿದಳು. ಆಮೇಲೆ, “ಕೂಸ್ಗಳು ಎಲ್ಲೋದೊ?” ಎಂದಳು.

ನಿಜ. ನೆಲದ ಮೇಲೆ ಕೂತವರು ಇರಲಿಲ್ಲ.

ಏನಾಗಿತ್ತೆಂದರೆ, ಮಗ ತನ್ನ ಪ್ರವಾಸದ ಫೋಟೋಗಳಿಗೆಂದು ಚಿತ್ರವನ್ನು ಪರದೆಯ ಅಗಲಕ್ಕೆ ಹೊಂದಿಸಿಟ್ಟಿದ್ದ. ಅಡ್ಡಡ್ಡ ತೆಗೆದ ಫೋಟೋಗೆ ಅದು ಸರಿ. ಉದ್ದನೆಯ ಪಟವನ್ನು ಅಗಲಕ್ಕೆ ಹಿಗ್ಗಿಸಿದರೆ ಎತ್ತರ ಪರದೆಯಿಂದ ಹೊರಗೆ ಹೋಗುತ್ತದೆ. ನಮ್ಮ ಲ್ಯಾಪ್‌ಟಾಪಿನ ಪರದೆಯಲ್ಲಿ ಅಡ್ಡಕ್ಕೆ 1366 ಚುಕ್ಕಿ, ಉದ್ದಕ್ಕೆ 768. ಲೆಕ್ಕ ಹಾಕಿ ನೋಡಿದೆ: ಆ ಪಟದ ಅರ್ಧಕ್ಕಿಂತ ಕಡಿಮೆ ಮಾತ್ರ ಪರದೆಯಲ್ಲಿತ್ತು. ಕುರ್ಚಿಯವರು ಉಳಿದರು, ಅವರ ಕಾಲ ಬುಡದಲ್ಲಿದ್ದ ಹೆಣ್ಣುಮಕ್ಕಳು ಕೆಳಗೆ ಬಿದ್ದುಹೋದರು.

ಮಾರನೆಯ ದಿನದಿಂದ ಉತ್ತರಪತ್ರಿಕೆಗಳನ್ನು ಬದಿಗಿಟ್ಟು ಇದೇ ಕೆಲಸ. ಮಗ ಮುಟ್ಟಬೇಡ ಎಂದದ್ದನ್ನೆಲ್ಲ ಒಂದೊಂದಾಗಿ ಮುಟ್ಟಿದೆ. ‘ವ್ಯೂ’ ಎಂಬುದರ ಒಳಗೆ ‘ಡಿಸ್‌ಪ್ಲೇ ಆಪ್ಷನ್ಸ್’ ಇದೆ. ತೆರೆದರೆ ಚಿತ್ರವನ್ನು ಹೊಂದಿಸುವ ಬಗೆಗಳು ಸಾಲಾಗಿ ನಿಂತಿವೆ. ಕಿಟಕಿಯನ್ನೇ ಚಿತ್ರದ ಅಳತೆಗೆ ಹೊಂದಿಸುವುದು ಒಂದು. ಚಿತ್ರವನ್ನು ಕಿಟಕಿಗೆ ಹೊಂದಿಸುವುದು ಇನ್ನೊಂದು. ದೊಡ್ಡ ಚಿತ್ರವನ್ನು ಮಾತ್ರ ಕುಗ್ಗಿಸಿ ಸಣ್ಣದನ್ನು ಸಣ್ಣದಾಗಿಯೇ ಬಿಡುವುದು ಮತ್ತೊಂದು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಇಷ್ಟು ಬಗೆಯಲ್ಲಿ ಪಾಲಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಪೂರ್ತಿ ಪರದೆಗೆ ಬೇರೆಯದೇ ಪಟ್ಟಿ, ಅದರಲ್ಲಿ ‘ಸ್ಟ್ರೆಚ್’ ಎಂದೊಂದು. ಅದನ್ನು ಆಯ್ದು ನೋಡಿದೆ. ಒಣಕಲು ತಾತ ಮಿಠಾಯಿ ಅಂಗಡಿಯ ಯಜಮಾನನ ಹಾಗೆ ಊದಿಕೊಂಡ, ಅಜ್ಜಿಯ ಮುಖ ತಟ್ಟೆಯಾಯಿತು. ನಮ್ಮವರು ಹಿಂದಿನಿಂದ ನೋಡಿ “ನಿಮ್ಮ ತಾತ ಇಷ್ಟು ಚೆನ್ನಾಗಿ ಉಂಡಿದ್ದು ಇದೇ ಮೊದಲು” ಎಂದರು. ಈ ಬಗೆ ಯಾರ ಉಪಯೋಗಕ್ಕೆಂದು ಇಟ್ಟಿದ್ದಾರೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇಡೀ ಚಿತ್ರ ಪರದೆಯೊಳಗೆ ಕೂರುವಂತೆ ಮಾಡಿದೆ. ಹಿನ್ನೆಲೆಯನ್ನು ಕಪ್ಪು ಮಾಡಿದೆ. ಡಯಟ್‌ನಲ್ಲಿ ಕಲಿತ ಕಪ್ಪು. ಮೇಲಿನ ಗುಂಡಿಗಳ ಸಾಲು, ಕೆಳಗಿನ ಅಂಕಿಗಳ ಪಟ್ಟಿ ಎಲ್ಲ ಮರೆಸಿದೆ, ಅವ್ವನಿಗೆ ಅವು ಮಿಣಮಿಣ ಕಾಟ. ಮೂರು ಸೆಕೆಂಡನ್ನು ನಲವತ್ತು ಮಾಡಿದೆ. ನಲವತ್ತು ಸೆಕೆಂಡು ಎಂದರೆ ನಿಮಗೆ ನನಗೆ ಬಹಳ ಹೊತ್ತು, ಆಕಳಿಕೆ ಬರುತ್ತದೆ. ಕಣ್ಣಿನ ಅಂಚಿನಿಂದ ಒಂದು ಮುಖವನ್ನು ತುಂಡು ತುಂಡಾಗಿ ಆಯ್ದು ಜೋಡಿಸಿಕೊಳ್ಳುವವರಿಗೆ ಅದು ಕಷ್ಟದಿಂದ ಸಾಕಾಗುತ್ತದೆ. ಮೊಸರನ್ನದ ತಟ್ಟೆ ಮುಂದಿಟ್ಟು ಮೂರು ಸೆಕೆಂಡಿಗೆ ಕಿತ್ತುಕೊಂಡ ಹಾಗೆ ಮಾಡಿದ್ದೆನಲ್ಲ ಎಂದು ನನಗೇ ನಾಚಿಕೆಯಾಯಿತು.

ಅಡ್ಡ ಮಲಗಿದ ಪಟಗಳ ಕಾರಣವೂ ತಿಳಿಯಿತು. ಫೋಟೋ ತೆಗೆಯುವಾಗ ತನ್ನನ್ನು ನೆಟ್ಟಗೆ ಹಿಡಿದಿದ್ದರೋ ಅಡ್ಡ ಹಿಡಿದಿದ್ದರೋ ಎಂಬುದನ್ನು ಮೊಬೈಲು ಫೋಟೋದ ಒಳಗೇ ಬರೆದಿಡುತ್ತದೆ. ಅದನ್ನು ಓದಿ ತಾನೇ ತಿರುಗಿಸಿ ತೋರಿಸು ಎಂದು ಪ್ರೋಗ್ರಾಮಿಗೆ ಹೇಳಿಡಬಹುದು, ಹೇಳಿದೆ. ಆದರೂ ಏಳೆಂಟು ಪಟ ಮಲಗಿಯೇ ಇದ್ದವು. ನೆಲದ ಮೇಲಿಟ್ಟ ಪಟವನ್ನು ಮೇಲಿನಿಂದ ಬಗ್ಗಿ ತೆಗೆಯುವಾಗ ಮೊಬೈಲು ನೆಲಕ್ಕೆ ಮುಖ ಮಾಡಿರುತ್ತದೆ, ಯಾವುದು ಮೇಲೆ ಯಾವುದು ಕೆಳಗೆ ಎಂದು ಅದಕ್ಕೇ ತಿಳಿಯುವುದಿಲ್ಲ. ಅಂಥವನ್ನು ಕೈಯಿಂದಲೇ ಎಬ್ಬಿಸಬೇಕು. ಆರ್ ಅಕ್ಷರ ಒತ್ತಿದರೆ ಬಲಕ್ಕೆ ತಿರುಗುತ್ತದೆ, ಎಲ್ ಒತ್ತಿದರೆ ಎಡಕ್ಕೆ. ಈ ಎರಡು ಅಕ್ಷರ ಮುಂದೆ ಇನ್ನೊಂದು ಉಪಕಾರ ಮಾಡಿದವು, ಹೇಳುತ್ತೇನೆ.

ಪಟಗಳಿಗೆ ಹೆಸರು ಬೇಕಿತ್ತು. ನಾನು ಶಾಲೆಗೆ ಹೋದಾಗ ಅವ್ವನ ಜೊತೆ ಇರುವ ಹುಡುಗಿಗೆ ನಮ್ಮ ನೆಂಟರು ಯಾರು ಗೊತ್ತು? ಪ್ರತಿ ಫೋಟೋಗೂ ‘ದೊಡ್ಡಮಾವ, ಗುಂಡ್ಲುಪೇಟೆ ಸಂತೆ’ ಎಂಬಂತೆ ಕನ್ನಡದಲ್ಲಿ ಹೆಸರು ಕೊಟ್ಟು, ಆ ಹೆಸರು ಪರದೆಯ ಮೂಲೆಯಲ್ಲಿ ಕಾಣುವಂತೆ ಮಾಡಿದೆ. ಅಕ್ಷರದ ಬದಲು ಚೌಕ ಚೌಕ ಬಂದವು. ಅಕ್ಷರದ ಬಗೆಯನ್ನು ಬದಲಿಸಿ, ವಿಂಡೋಸಿನಲ್ಲಿರುವ ತುಂಗಾ ಆಯ್ದ ಮೇಲೆ ಚೌಕಗಳು ಕರಗಿ ದೊಡ್ಡಮಾವ ಬಂದ. ಹುಡುಗಿ ಓದುತ್ತಿದ್ದಳು, ಅವ್ವ ತಿದ್ದುತ್ತಿದ್ದಳು. “ಸಂತೆ ಅಲ್ಲ ಕನ, ಅದು ವಿಜಯನಾರಾಯಣಸ್ವಾಮಿ ಗುಡಿ ಮುಂದೆ.” ನಾನು ಸಂಜೆ ಬಂದು ಹೆಸರು ಬದಲಿಸುತ್ತಿದ್ದೆ. ಚಾಮರಾಜೇಶ್ವರನ ಹಳೆಯ ತೇರು 2017ರಲ್ಲಿ ಬೆಂಕಿಗೆ ಸಿಕ್ಕಿ, ಐದು ವರ್ಷ ತೇರೇ ಇಲ್ಲದೆ, 2022ರಲ್ಲಿ ಹೊಸ ತೇರು ಎಳೆದದ್ದು ನಮ್ಮ ಊರಿನವರಿಗೆಲ್ಲ ಗೊತ್ತು. ಅವತ್ತು ನಾನು ತೆಗೆದಿದ್ದ ಹೊಸ ತೇರಿನ ಫೋಟೋ, ಮಾವನ ಮನೆಯಲ್ಲಿ ಸಿಕ್ಕಿದ ಹಳೆಯ ತೇರಿನ ಪಟ ಎರಡನ್ನೂ ಒಂದರ ಹಿಂದೆ ಒಂದು ಬರುವಂತೆ ಇಟ್ಟಿದ್ದೆ. ಅವ್ವನಿಗೆ ಹೊಸದು ಹಿಡಿಸಲಿಲ್ಲ. “ಎಳೇದು” ಎಂದಳು, ಎಳೆ ಬದನೆಕಾಯಿಗೆ ಹೇಳುವಂತೆ.

ಇಷ್ಟೆಲ್ಲ ಆದರೂ ತೇರಿನ ದಿನದ ಆ ಕುಟುಂಬದ ಪಟ ಮಾತ್ರ ಒಗ್ಗಲಿಲ್ಲ. ಇಡೀ ಪಟ ಕಾಣುವಂತಿಟ್ಟರೆ ಎಡಕ್ಕೂ ಬಲಕ್ಕೂ ಕಪ್ಪು ಪಟ್ಟಿ ಉಳಿದು, ನಡುವೆ ಪಟ ಪರದೆಯ ಅರ್ಧವನ್ನೂ ತುಂಬುತ್ತಿರಲಿಲ್ಲ. ಮುಖಗಳು ಕಡಲೆಕಾಳಿನಷ್ಟು. ಹಿಗ್ಗಿಸಿದರೆ ಚಿಕ್ಕೂಸು ಒಬ್ಬಳೇ ಕಾಣುತ್ತಾಳೆ, ಅವಳ ಸುತ್ತಲಿನವರು ಹೋಗುತ್ತಾರೆ. ಅವ್ವನಿಗೆ ಸುತ್ತಲಿನವರು ಬೇಕು. ಅಜ್ಜಿಯ ಸೀರೆಯ ನೆರಿಗೆಯ ಗುರುತು ಹಿಡಿದೇ ಅವಳು ತಂಗಿಯ ಹತ್ತಿರ ಇಳಿಯುತ್ತಿದ್ದದ್ದು. ಜೊತೆಗೆ, ಹಿಗ್ಗಿಸಿದಷ್ಟೂ ಮುಖ ಒಡೆಯುತ್ತಿತ್ತು. ಬೇರೆಯವರದೆಲ್ಲ ತಕ್ಕಮಟ್ಟಿಗೆ ಚೂಪಾಗಿತ್ತು, ಚಿಕ್ಕೂಸಿನ ಮುಖ ಒಂದೇ ಕದಡಿದ ನೀರಿನಂತಿತ್ತು. ಹಿಗ್ಗಿಸಿದಾಗ ನುಣುಪು ಮಾಡು ಎಂಬ ಆಯ್ಕೆ ಹಾಕಿದೆ. ಚೌಕಗಳು ಹೋಗಿ ಮಂಜು ಬಂತು. ಇಲ್ಲದ ಕಣ್ಣು ಮೂಗನ್ನು ಆ ಪ್ರೋಗ್ರಾಂ ಎಲ್ಲಿಂದ ತರುತ್ತದೆ ಪಾಪ.

ತರುವವರು ಇದ್ದಾರೆ. ತಮ್ಮನ ಮಗ ರಜೆಗೆ ಬಂದಿದ್ದವನು “ಅತ್ತೆ, ಇದೆಲ್ಲ ಓಲ್ಡ್ ಆಯ್ತು, ಎಐ ಇದೆ” ಎಂದು ತನ್ನ ಮೊಬೈಲಿನ ಯಾವುದೋ ಆ್ಯಪಿಗೆ ಚಿಕ್ಕೂಸಿನ ಮುಖವನ್ನು ಹಾಕಿದ. ಅರ್ಧ ನಿಮಿಷದಲ್ಲಿ ಬಂತು ನೋಡಿ. ಹೊಳೆಯುವ ಕಣ್ಣು, ತಿದ್ದಿದ ಹುಬ್ಬು, ಸಾಲಾಗಿ ಜೋಡಿಸಿದ ಹಲ್ಲು. ಸೋಪಿನ ಜಾಹೀರಾತಿನ ಮಗು. ಎಷ್ಟು ಚೆನ್ನಾಗಿತ್ತೆಂದರೆ ಒಂದು ಗಳಿಗೆ ನನಗೂ ಆಸೆಯಾಯಿತು, ಇದನ್ನೇ ತೋರಿಸಿಬಿಡೋಣ, ಅವ್ವನ ಕಣ್ಣಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗುತ್ತದೆ ಎಂದು. ಮನಸ್ಸಿಗೆ ಬಂದದ್ದನ್ನು ಮುಚ್ಚಿಡುವುದಿಲ್ಲ. ಹುಡುಗ ನನಗಿಂತ ಮುಂಚೆ ಪರದೆಗೆ ಹಾಕಿ “ಅಜ್ಜಿ, ನೋಡು ನಿನ್ನ ತಂಗಿ!” ಎಂದ.

ಅವ್ವ ಮುಖ ಓರೆ ಮಾಡಿ, ನಿಧಾನವಾಗಿ, ನಲವತ್ತು ಸೆಕೆಂಡಿಗಿಂತ ಹೆಚ್ಚೇ ನೋಡಿದಳು.

“ಯಾರವ್ವ ಇವ್ಳು?” ಎಂದಳು. “ನಮ್ ಕೂಸ್ಗೆ ಮುಂದ್ಗಡೆ ಹಲ್ಲು ಬಿದ್ದಿತ್ತು.”

ಹುಡುಗ ಆ್ಯಪು ಮುಚ್ಚಿದ. ಆದರೆ ಹುಡುಗರ ತಲೆ ಓಡುವುದೇ ಬೇರೆ ದಾರಿಯಲ್ಲಿ. ರಾತ್ರಿ ಊಟಕ್ಕೆ ಕೂತಾಗ ಎದ್ದು ಹೋಗಿ, ಆ ಹಳೆಯ ಪಟವನ್ನು ತೆರೆದು, ಎಲ್ ಒತ್ತಿದ. ಪಟ ಪರದೆಯಲ್ಲಿ ಅಡ್ಡ ಮಲಗಿ ಹಿಗ್ಗಿತು, ಕಪ್ಪು ಪಟ್ಟಿಗಳು ಸಣ್ಣಗಾದವು. “ಈಗ ಎಲ್ಲರೂ ಮಲಕ್ಕೊಂಡ್ರಲ್ಲೋ” ಎಂದೆ. “ಇರಿ ಅತ್ತೆ” ಎಂದು ಲ್ಯಾಪ್‌ಟಾಪನ್ನೇ ಎತ್ತಿ, ಪುಸ್ತಕ ತೆರೆದು ನಿಲ್ಲಿಸುವಂತೆ ಪಕ್ಕಕ್ಕೆ ತಿರುಗಿಸಿ ದಿವಾನದ ಮೇಲೆ ನಿಲ್ಲಿಸಿದ. ಕೀಲಿಮಣೆ ಒಂದು ರಟ್ಟು, ಪರದೆ ಇನ್ನೊಂದು ರಟ್ಟು. ಪರದೆ ಈಗ ಉದ್ದವಾಗಿತ್ತು, ಪಟದಂತೆಯೇ. ಮಾವಂದಿರು ನಿಂತಿದ್ದರು, ತಾತ ಅಜ್ಜಿ ಕುರ್ಚಿಯಲ್ಲಿದ್ದರು, ಹೆಣ್ಣುಮಕ್ಕಳು ನೆಲದ ಮೇಲೆ. ಒಬ್ಬರೂ ಬಿಟ್ಟುಹೋಗಿರಲಿಲ್ಲ. ಅಳೆದು ನೋಡಿದೆ, ಮೊದಲಿಗಿಂತ ಮೂರನೇ ಒಂದು ಪಾಲು ದೊಡ್ಡದು. ಇಷ್ಟು ದಿನ ನಾನು ಆ ಪಟ್ಟಿ ಈ ಪಟ್ಟಿ ತೆರೆದು ಒದ್ದಾಡಿದ್ದಕ್ಕೆ ಉತ್ತರ ಯಾವ ಪಟ್ಟಿಯಲ್ಲೂ ಇರಲಿಲ್ಲ.

ಅವ್ವನನ್ನು ಕರೆದೆವು. ದಿವಾನದ ಮೇಲೆ ಪರದೆಗೆ ಒಂದು ಗೇಣು ದೂರದಲ್ಲಿ ಮುಖವಿಟ್ಟು ಕೂತಳು. ಮೇಲಿನಿಂದ ಶುರುಮಾಡಿದಳು. ದೊಡ್ಡಮಾವನ ರುಮಾಲು, ತಾತನ ಕೋಟಿನ ಗುಂಡಿ, ಅಜ್ಜಿಯ ನೆರಿಗೆ. ಬೆರಳು ಪರದೆಗೆ ತಾಗದಂತೆ ಕೆಳಗೆ ಇಳಿಯುತ್ತ ಇಳಿಯುತ್ತ ನೆಲದ ಹತ್ತಿರ ಬಂದು ನಿಂತಿತು. ಅಲ್ಲಿ ತನ್ನನ್ನು ದಾಟಿ ಪಕ್ಕದವಳ ಹತ್ತಿರ ಹೋಯಿತು.

“ಮಸುಕಾಗದೆ” ಎಂದಳು.

“ಅದೊಂದು ಸರಿ ಮಾಡಕ್ಕಾಗಲಿಲ್ಲ ಅವ್ವ. ಪಟದಲ್ಲೇ ಹಾಗಿದೆ. ತೆಗೆಯುವಾಗ ಅಲ್ಲಾಡಿಬಿಟ್ಟಿದಾಳೆ” ಎಂದೆ. ಆ ಕಾಲದ ಸ್ಟುಡಿಯೋಗಳಲ್ಲಿ ಬೆಳಕು ಕಡಿಮೆ, ಕ್ಯಾಮರಾದ ಕಣ್ಣು ಹೆಚ್ಚು ಹೊತ್ತು ತೆರೆದಿರಬೇಕಿತ್ತು, ಅಷ್ಟರಲ್ಲಿ ಅಲ್ಲಾಡಿದವರು ಕದಡಿಹೋಗುತ್ತಿದ್ದರು. ಇದನ್ನೆಲ್ಲ ಟೀಚರಮ್ಮನ ಧಾಟಿಯಲ್ಲಿ ವಿವರಿಸಿದೆ.

ಅವ್ವ ನನ್ನ ವಿವರಣೆ ಮುಗಿಯುವವರೆಗೆ ಕಾದಳು. ನನ್ನ ಕಡೆ ತಿರುಗಿ, ಅಂದರೆ ನನ್ನ ಕಿವಿಯ ಆಚೆಗೆ ತಿರುಗಿ, ಹೇಳಿದಳು: “ಅವ್ಳಾಗಿ ಅಲ್ಲಾಡ್ನಿಲ್ಲ ಮಗ. ನಾನು ಚಿವುಟ್ದೆ.”

ತೇರಿನಲ್ಲಿ ಕೊಂಡ ಬಳೆ ಇಬ್ಬರಿಗೂ ಒಂದೊಂದು ಡಜನ್. ಚಿಕ್ಕೂಸಿನ ಕೈ ಸಣ್ಣದು, ಬಳೆ ಜಾರಿ ಬೀಳುತ್ತವೆಂದು ಅಜ್ಜಿ ಅವ್ವನ ಹೊಸ ಹಸಿರು ಬಳೆಗಳಲ್ಲೂ ನಾಲ್ಕನ್ನು ಬಿಚ್ಚಿ ತಂಗಿಗೆ ಒತ್ತಾಗಿ ತೊಡಿಸಿದ್ದಳಂತೆ. ಅವ್ವನಿಗೆ ಅದರ ಸಿಟ್ಟು. ಸ್ಟುಡಿಯೋದವನು ಒಂದು ಎರಡು ಎಂದು ಎಣಿಸುತ್ತಿದ್ದಾಗ ಸೆರಗಿನ ಮರೆಯಲ್ಲಿ ಕೈ ಹಾಕಿ ಚಿವುಟಿದಳು. ಕೂಸು ತಲೆ ತಿರುಗಿಸಿತು, ಅಳಲಿಲ್ಲ. ಸ್ಟುಡಿಯೋದವನು ಇನ್ನೊಂದು ತೆಗೆಯೋಣ ಎಂದ. ತಾತ, ಒಂದಕ್ಕೇ ದುಡ್ಡು ಬಹಳವಾಯಿತು, ಚಿಕ್ಕವಳು ತಾನೆ, ಮುಂದಿನ ವರ್ಷ ತೇರಿಗೆ ಬಂದಾಗ ತೆಗೆಸಿದರಾಯಿತು ಎಂದ.

ಮುಂದಿನ ತೇರಿನ ಹೊತ್ತಿಗೆ ಚಿಕ್ಕೂಸು ಇರಲಿಲ್ಲ.

“ಯಾರ್ಗೂ ಏಳಿಲ್ಲ” ಎಂದಳು ಅವ್ವ. ತಮ್ಮನ ಮಗ ತಟ್ಟೆ ಹಿಡಿದುಕೊಂಡು ನಿಂತೇ ಇದ್ದ. ನಾನು ಏನಾದರೂ ಹೇಳಬೇಕಿತ್ತು. ಆಡುವ ಮಕ್ಕಳು, ಅದಕ್ಕೇಕೆ ಬೇಸರ ಎಂದು ಬಾಯಿಗೆ ಬಂತು. ಹನ್ನೊಂದು ವರ್ಷದವಳಿಗೆ ಆ ಮಾತು ಆಗುತ್ತಿತ್ತು, ಎಂಬತ್ತರವಳಿಗೆ ಆಗುತ್ತಿರಲಿಲ್ಲ. ಸುಮ್ಮನಿದ್ದೆ.

ಅಷ್ಟರಲ್ಲಿ ನಲವತ್ತು ಸೆಕೆಂಡು ಮುಗಿದು ಪರದೆಯ ಮೇಲೆ ನನ್ನ ಮದುವೆಯ ಫೋಟೋ ಅಡ್ಡಡ್ಡ ಬಂದು ಮಲಗಿತು. ಅವ್ವ ಗಾಬರಿಯಾದಳು. “ಎಲ್ಲೋಯ್ತು? ಅದು ಓಗ್ದಂಗೆ ಮಾಡವ್ವ.”

ಸ್ಲೈಡ್ ಶೋ ಪಟ್ಟಿಯಲ್ಲಿ ಅದಕ್ಕೂ ಒಂದು ಆಯ್ಕೆ ಇದೆ. ಇಂತಿಷ್ಟು ಸೆಕೆಂಡಿಗೆ ಮುಂದೆ ಹೋಗುವುದು ಬೇಡ, ಯಾರಾದರೂ ಗುಂಡಿ ಒತ್ತಿದರೆ ಮಾತ್ರ ಹೋಗು ಎಂದು. ಲ್ಯಾಪ್‌ಟಾಪು ಪಕ್ಕಕ್ಕೆ ನಿಂತಿದ್ದರಿಂದ ಪಟ್ಟಿಯ ಅಕ್ಷರವೆಲ್ಲ ಗೋಡೆಯ ಮೇಲಿಂದ ಇಳಿಯುವ ಇರುವೆಯ ಸಾಲಿನಂತೆ ಕೆಳಕ್ಕೆ ಹೋಗಿದ್ದವು, ನಾನು ಕತ್ತು ಹೊರಳಿಸಿ ಓದಿ ಅದನ್ನು ಹಾಕಿದೆ. ಪಟ ವಾಪಸು ಬಂತು. ಐದು ನಿಮಿಷ ಯಾರೂ ಮುಟ್ಟದಿದ್ದರೆ ಪರದೆ ಕತ್ತಲಾಗುವ ಏರ್ಪಾಡು ವಿಂಡೋಸಿನಲ್ಲಿರುತ್ತದೆ, ಅದನ್ನೂ ಹುಡುಗ ತೆಗೆದುಹಾಕಿದ.

ಒಂಬತ್ತೂವರೆಗೆ ಬ್ಯಾಟರಿ ಮುಗಿಯುತ್ತಿದೆ ಎಂದು ಕೆಂಪು ಗುರುತು ಬಂತು. ಚಾರ್ಜರ್ ತಂದರೆ ಸಿಕ್ಕಿಸುವ ತೂತು ಕೆಳಗಡೆಗೆ ಹೋಗಿತ್ತು, ದಿವಾನದ ಹಾಸಿಗೆಗೆ ಒತ್ತಿಕೊಂಡು. ಮುಚ್ಚಿಡೋಣವೇ ಎಂದರೆ ಅವ್ವ ಇನ್ನೂ ಕೂತಿದ್ದಳು. ಹತ್ತನೇ ತರಗತಿಯ ಎರಡು ಸಮಾಜ ವಿಜ್ಞಾನದ ಪುಸ್ತಕ ತಂದು, ಒಂದನ್ನು ಆ ತುದಿಗೆ ಒಂದನ್ನು ಈ ತುದಿಗೆ ಕೊಟ್ಟು, ನಡುವೆ ವೈರು ಹೋಗುವಷ್ಟು ಜಾಗ ಬಿಟ್ಟು, ಹುಡುಗನೂ ನಾನೂ ಲ್ಯಾಪ್‌ಟಾಪನ್ನು ಎತ್ತಿ ಅದರ ಮೇಲೆ ನಿಲ್ಲಿಸಿದೆವು.